‘ಕದ್ದಿಲ್ಲವಲ್ಲ, ಬಿಡಿ’ ಎನ್ನುವವರಿಗೆ

ಈಗಷ್ಟೇ ಒಂದು ಭದ್ರತಾ ವರದಿಯನ್ನು ಓದಿ ಮುಗಿಸಿದೆ, ಮೈ ಉರಿಯುತ್ತಿದೆ. ಫೈಲ್ ಸರ್ವರ್‌ನಲ್ಲಿರುವ ಡಿನಯಲ್ ಆಫ್ ಸರ್ವಿಸ್ (ಬಳಕೆದಾರರಿಗೆ ಸೇವೆಯೇ ಸಿಗದಂತೆ ಮಾಡುವ) ದೋಷದ ಎದುರು ‘ಮಾಹಿತಿ ಸೋರಿಕೆಯಿಲ್ಲ, ಆದ್ಯತೆ ಕಡಿಮೆ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಸರ್ವರ್ ಮಲಗಿದಾಗ ಫೋನು ಬರುವುದು ಹೀಗೆ ಬರೆದವರಿಗಲ್ಲ, ಸರ್ವರ್ ನೋಡಿಕೊಳ್ಳುವ ನನ್ನಂಥವರಿಗೆ ಎಂಬುದು ನಿಮಗೆಲ್ಲ ಗೊತ್ತೇ ಇದೆ.

2017ರಲ್ಲಿ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಸಂಶೋಧಕರು ತೋರಿಸಿದ ಎಸ್‌ಎಂಬಿಲೋರಿಸ್ ದಾಳಿಯನ್ನೇ ನೋಡಿ. ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ವಿಧಾನ ಬಳಸುವ 445ನೇ ಪೋರ್ಟಿಗೆ (ಸರ್ವರ್‌ನ ಸಂಪರ್ಕದ ಬಾಗಿಲಿಗೆ) ಸಂಪರ್ಕ ಸಾಧಿಸಿ, ಹಿಂದೆಯೇ ದೊಡ್ಡದೊಂದು ಸಂದೇಶ ಬರಲಿದೆ ಎಂದು ಸಾರುವ 4 ಬೈಟ್‌ಗಳ ಹೆಡರ್ ಕಳಿಸಿ, ಆಮೇಲೆ ತೆಪ್ಪಗಿದ್ದುಬಿಡುವುದು, ಮಾಡಬೇಕಾದದ್ದು ಇಷ್ಟೇ. ಸರ್ವರ್ ಆ ಮಾತನ್ನು ನಂಬಿ ಸುಮಾರು 128 ಕೆಬಿ ಮೆಮೊರಿ ಎತ್ತಿಟ್ಟು ಕಾಯುತ್ತ ಕೂರುತ್ತದೆ. ಪಾಸ್‌ವರ್ಡ್ ಕೇಳುವ ಹಂತವೇ ಬರುವುದಿಲ್ಲ. ದಾಳಿಕೋರ ತನ್ನ ಒಂದೇ ಐಪಿ ವಿಳಾಸದ 65,535 ಪೋರ್ಟುಗಳಿಂದಲೂ ಹೀಗೆ ಮಾಡಿದರೆ ಸುಮಾರು 8 ಜಿಬಿ ಮೆಮೊರಿ ನುಂಗಿಹೋಗುತ್ತದೆ. ವಿಂಡೋಸ್‌ನಲ್ಲಿ ಅದು ಡಿಸ್ಕಿಗೆ ಸರಿಸಲು ಬಾರದ ಮೆಮೊರಿಯಾದ್ದರಿಂದ ಫೈಲ್ ಹಂಚಿಕೆ ಮಾತ್ರವಲ್ಲ, ಇಡೀ ಯಂತ್ರವೇ ಮರಗಟ್ಟಿ ನಿಲ್ಲುತ್ತದೆ. ಏನನ್ನೂ ಕದ್ದಿಲ್ಲ, ಒಪ್ಪಿದೆ. ಆದರೆ ತೆರೆಯಲಾಗದ ಫೈಲು ಭದ್ರವಾಗಿದೆ ಎಂದು ಕೇಳಿ ಸಮಾಧಾನಪಡುವ ಮಹಾನುಭಾವರನ್ನು ನಾನಿನ್ನೂ ಕಂಡಿಲ್ಲ.

‘ಫೈಲ್ ಸರ್ವರ್ ಒಳಗಿನ ನೆಟ್‌ವರ್ಕಿನಲ್ಲಿದೆ, ಹೊರಗಿನವನ ಕೈಗೆ ಸಿಗುವುದಿಲ್ಲ’ ಎಂಬ ವಾದ ಇದ್ದೇ ಇದೆ. ಮೈಕ್ರೋಸಾಫ್ಟ್ ಕೂಡ ಆಗ ದೋಷ ಸರಿಪಡಿಸುವ ಪ್ಯಾಚ್ ಕೊಡುವ ಬದಲು, ಇಂಟರ್ನೆಟ್ ಕಡೆಯಿಂದ ಎಸ್‌ಎಂಬಿ ಸಂಪರ್ಕವನ್ನು ತಡೆಯಿರಿ ಎಂದಿತ್ತು. ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗಿನವರಿಗೆ ಆ ಪೋರ್ಟು ತೆರೆದಿರಲೇಬೇಕಲ್ಲ? ಸೋಂಕು ತಗುಲಿದ ಒಂದು ಲ್ಯಾಪ್‌ಟಾಪ್ ಒಳಗೆ ಬಂದರೆ ಸಾಕು. ಅದೇ ವರ್ಷದ ಮೇ ತಿಂಗಳಲ್ಲಿ ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಇದೇ ಪೋರ್ಟು ಹಿಡಿದು ಸಂಸ್ಥೆಗಳ ಒಳಗೊಳಗೇ ಹರಡಿದ್ದನ್ನು ಇಷ್ಟು ಬೇಗ ಮರೆತವರಿಗೆ ನಾನು ಏನು ಹೇಳಲಿ?

ಲಿನಕ್ಸ್ ಬಳಸುವ ಮಿತ್ರರು ಮೀಸೆ ತಿರುವುವುದು ಬೇಡ. ಅಲ್ಲಿ ಎಸ್‌ಎಂಬಿ ಫೈಲ್ ಹಂಚಿಕೆ ನಡೆಸುವ ಸಾಂಬಾ ತಂತ್ರಾಂಶ ಪ್ರತಿ ಸಂಪರ್ಕಕ್ಕೂ ಒಂದೊಂದು ಎಸ್‌ಎಂಬಿಡಿ ಪ್ರೊಸೆಸ್ ಹುಟ್ಟಿಸುತ್ತದೆ, ನಾವಾಗಿ ಹೇಳದ ಹೊರತು ಅದಕ್ಕೆ ಮಿತಿಯೂ ಇರುವುದಿಲ್ಲ. ಎಸ್‌ಎಂಬಿ.ಕಾನ್ಫ್ ಎಂಬ ಸಾಂಬಾ ಸೆಟ್ಟಿಂಗ್ ಕಡತದಲ್ಲಿ ‘ಮ್ಯಾಕ್ಸ್ ಎಸ್‌ಎಂಬಿಡಿ ಪ್ರೊಸೆಸಸ್’ ಎಂಬಲ್ಲಿ 1000 ಎಂದು ಬರೆದರೆ ಯಂತ್ರ ಉಳಿಯುತ್ತದೆ. ಆದರೆ ಆ ಸಾವಿರವನ್ನೂ ದಾಳಿಕೋರನೇ ಹಿಡಿದು ಕೂತರೆ ನಿಜವಾದ ಬಳಕೆದಾರ ಹೊರಗೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಒಂದು ವಿಳಾಸಕ್ಕೆ ಇಷ್ಟೇ ಸಂಪರ್ಕ ಎಂಬ ಕಟ್ಟುಪಾಡನ್ನು ಫೈರ್‌ವಾಲ್‌ನಲ್ಲಿಯೂ, ಅದೂ ಒಳಗಿನ ನೆಟ್‌ವರ್ಕಿಗೇ, ಹಾಕಬೇಕಾಗುತ್ತದೆ. ‘ಆದ್ಯತೆ ಕಡಿಮೆ’ ಎಂದು ಷರಾ ಬರೆದ ಕೆಲಸಕ್ಕೆ ಅಷ್ಟು ಸಮಯ ಕೊಡಿ ಎಂದು ಯಾರನ್ನು ಕೇಳುವುದು?