ಅಕಾರಾದಿಯಲ್ಲಿ ಓಟು ಹಾಕಿದ ಪುಣ್ಯಾತ್ಮರು

1946ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಓಟು ಹಾಕುವುದಕ್ಕೆ ಬದುಕಿರಲೇಬೇಕು ಅಂತೇನೂ ಇರಲಿಲ್ಲ. ಗೆಲ್ಲುವುದಕ್ಕೆ ಜಾಸ್ತಿ ಓಟು ಬೀಳಬೇಕು ಅಂತಲೂ ಇರಲಿಲ್ಲ. ಗೆದ್ದ ಮೇಲೆ ಪ್ರಮಾಣವಚನದ ದಿನದವರೆಗೆ ಉಸಿರಾಡುತ್ತಿರಬೇಕು ಅನ್ನುವುದೊಂದೇ ಸಣ್ಣ ಷರತ್ತು. ಗೆದ್ದವರು ಅದನ್ನೇ ಪಾಲಿಸಲಿಲ್ಲ.

ಗೆದ್ದವರು ಯೂಜೀನ್ ಟಾಲ್ಮಡ್ಜ್. ಓದಿದ್ದು ವಕೀಲಿಕೆ, ಮಾತೆಲ್ಲ ರೈತರದ್ದು. ಪ್ಯಾಂಟಿಗೆ ಕೆಂಪು ಪಟ್ಟಿ ಹಾಕಿಕೊಂಡು ಊರೂರು ತಿರುಗಿ, ಅದಾಗಲೇ ಮೂರು ಸಲ ಗವರ್ನರ್ ಆಗಿ ಆರಿಸಿ ಬಂದಿದ್ದರು. (ಅಲ್ಲಿ ಗವರ್ನರ್ ಅಂದರೆ ರಾಜಭವನದಲ್ಲಿ ಚಹಾ ಕೊಟ್ಟು ಕಳಿಸುವ ಹುದ್ದೆಯಲ್ಲ. ನಮ್ಮ ಮುಖ್ಯಮಂತ್ರಿಗೆ ಸಮ.) ಆಗ ಅಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆ ಪಕ್ಷಕ್ಕೆ ನೆಲೆಯೇ ಇರಲಿಲ್ಲ. ಹಾಗಾಗಿ ಅಭ್ಯರ್ಥಿ ಯಾರೆಂದು ಆರಿಸುವ ಜುಲೈ ತಿಂಗಳ ಪ್ರೈಮರಿಯೇ ನಿಜವಾದ ಚುನಾವಣೆ. ನವೆಂಬರಿನ ಮತದಾನ ಮದುವೆ ಮುಗಿದ ಮೇಲಿನ ಆರತಕ್ಷತೆ ಇದ್ದ ಹಾಗೆ.

ಜುಲೈನಲ್ಲಿ ಜೇಮ್ಸ್ ಕಾರ್ಮೈಕಲ್ ಎಂಬುವರಿಗೆ 3,13,389 ಓಟು ಬಿದ್ದವು. ಟಾಲ್ಮಡ್ಜರಿಗೆ ಬಿದ್ದದ್ದು 2,97,245. ಆದ್ದರಿಂದ ಟಾಲ್ಮಡ್ಜ್ ಗೆದ್ದರು.

ಇನ್ನೊಮ್ಮೆ ಓದಬೇಕಾಗಿಲ್ಲ, ಅಚ್ಚಿನ ತಪ್ಪಲ್ಲ. ಜಾರ್ಜಿಯಾದಲ್ಲಿ ಎಣಿಸುತ್ತಿದ್ದದ್ದು ತಲೆಯನ್ನಲ್ಲ, ನೆಲವನ್ನು. ರಾಜ್ಯದಲ್ಲಿ 159 ಕೌಂಟಿಗಳು, ಅಂದರೆ ನಮ್ಮ ತಾಲ್ಲೂಕಿನ ಥರ. ಎಲ್ಲಕ್ಕಿಂತ ದೊಡ್ಡ 8 ಕೌಂಟಿಗೆ ತಲಾ 6 ಯೂನಿಟ್, ಆಮೇಲಿನ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಕೌಂಟಿಯಲ್ಲಿ ಮುಂದಿದ್ದವರಿಗೆ ಅಲ್ಲಿನ ಅಷ್ಟೂ ಯೂನಿಟ್. ಹೀಗೆ ಒಟ್ಟು 410ರಲ್ಲಿ ಟಾಲ್ಮಡ್ಜರಿಗೆ 242 ಸಿಕ್ಕಿತು, ಕಾರ್ಮೈಕಲ್‌ಗೆ 146. ಅಟ್ಲಾಂಟಾ ನಗರ ಇರುವ ಫುಲ್ಟನ್ ಕೌಂಟಿಗೆ 6 ಯೂನಿಟ್ಟಾದರೆ ಎಕೊಲ್ಸ್ ಎಂಬ ಪುಟ್ಟ ಕೌಂಟಿಗೆ 2. 1960ರ ಜನಗಣತಿಯಲ್ಲಿ ಫುಲ್ಟನ್‌ನಲ್ಲಿ 5,56,326 ಜನ ಇದ್ದರು, ಎಕೊಲ್ಸ್‌ನಲ್ಲಿ 1,876. ಭಾಗಿಸಿ ನೋಡಿದರೆ ಎಕೊಲ್ಸ್‌ನ ಒಬ್ಬರು ಅಟ್ಲಾಂಟಾದ 99 ಜನಕ್ಕೆ ಸಮ. ಬಸ್ಸು ಹತ್ತಿ ಎಕೊಲ್ಸ್‌ಗೆ ಮನೆ ಬದಲಾಯಿಸಿದರೆ ಸಾಕು, ಮನುಷ್ಯ 99 ಪಟ್ಟು ಬೆಳೆಯುತ್ತಿದ್ದ. ಇಷ್ಟು ಅಗ್ಗದಲ್ಲಿ ದೊಡ್ಡ ಮನುಷ್ಯ ಆಗುವ ದಾರಿ ಬೇರೆ ಎಲ್ಲಿದೆ ಹೇಳಿ.

ಆ ಚುನಾವಣೆಗೆ ಇನ್ನೊಂದು ವಿಶೇಷವಿತ್ತು. ಅಲ್ಲಿಯವರೆಗೆ ಪ್ರೈಮರಿಯಲ್ಲಿ ಬಿಳಿಯರು ಮಾತ್ರ ಓಟು ಹಾಕಬೇಕಿತ್ತು. ಕೊಲಂಬಸ್ ಊರಿನ ಪ್ರೈಮಸ್ ಕಿಂಗ್ ಎಂಬ ಕಪ್ಪು ವ್ಯಕ್ತಿ ಹೂಡಿದ ದಾವೆಯಿಂದ ಆ ಪದ್ಧತಿ ಬಿತ್ತು. ಲಕ್ಷಕ್ಕೂ ಜಾಸ್ತಿ ಕಪ್ಪು ಜನ ಹೆಸರು ನೋಂದಾಯಿಸಿದರು. ಟಾಲ್ಮಡ್ಜರ ಪ್ರಚಾರವೆಲ್ಲ ಇದರ ವಿರುದ್ಧವೇ. ಅವರ ಕಡೆಯವರು ಕೌಂಟಿ ಕೌಂಟಿಯಲ್ಲಿ ಕಪ್ಪು ಮತದಾರರ ಅರ್ಹತೆ ಪ್ರಶ್ನಿಸಿ ರಾಶಿ ರಾಶಿ ತಕರಾರು ಅರ್ಜಿ ಹಾಕಿ, ಸಾವಿರಾರು ಹೆಸರು ಹೊಡೆಸಿದರು. ಮೈಯಲ್ಲಿ ಜೀವವಿದ್ದು, ಎದುರಿಗೇ ನಿಂತು ನಾನಿದ್ದೇನೆ ಎನ್ನುವವನ ಓಟಿಗೆ ಇಷ್ಟೊಂದು ತಪಾಸಣೆ. ಈ ಕಟ್ಟುನಿಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನವೆಂಬರ್ ಹೊತ್ತಿಗೆ ಟಾಲ್ಮಡ್ಜರ ಆರೋಗ್ಯ ಪೂರ್ತಿ ಕೆಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಕಂಡಿದ್ದೇವೆ. ಟಾಲ್ಮಡ್ಜರ ಬೆಂಬಲಿಗರು ಯಜಮಾನರು ಇನ್ನೂ ಹಾಸಿಗೆಯಲ್ಲಿರುವಾಗಲೇ ವಾರಸುದಾರನ ಹೆಸರು ಬರೆದಿಟ್ಟರು. ಮತಪತ್ರದಲ್ಲಿ ಅಚ್ಚಾಗದ ಹೆಸರನ್ನೂ ಕೈಯಲ್ಲಿ ಬರೆದು ಓಟು ಹಾಕಬಹುದು. ಹಾಗೆ ಕೆಲವರು ಮಗ ಹರ್ಮನ್ ಹೆಸರು ಗೀಚಿದರು. ಅಪ್ಪ ಚುನಾವಣೆ ಗೆದ್ದು, ಡಿಸೆಂಬರ್ 21ರಂದು ತೀರಿಕೊಂಡರು.

ಈಗ ಕುರ್ಚಿ ಯಾರಿಗೆ? ಆ ವರ್ಷವೇ ಮೊದಲ ಸಲ ಲೆಫ್ಟಿನೆಂಟ್ ಗವರ್ನರ್ ಎಂಬ ಹುದ್ದೆಗೂ ಚುನಾವಣೆ ನಡೆದು, ಮೆಲ್ವಿನ್ ಥಾಂಪ್ಸನ್ ಗೆದ್ದಿದ್ದರು. ಮೇಲಿನವರು ಇಲ್ಲವಾದರೆ ಇರಲಿ ಎಂದೇ ಮಾಡಿದ ಹುದ್ದೆ ಅದು. ಬೀದಿಯಲ್ಲಿ ಹೋಗುವವರನ್ನು ಕೇಳಿದ್ದರೂ ಥಾಂಪ್ಸನ್ ಅನ್ನುತ್ತಿದ್ದರು. ಹರ್ಮನ್ ಕಡೆಯವರು, ಗೆದ್ದವರೇ ತೀರಿಕೊಂಡ ಮೇಲೆ ಬಹುಮತ ಯಾರಿಗೂ ಇಲ್ಲ ಎಂದು ರಾಜ್ಯದ ಸಂವಿಧಾನ ಬಿಚ್ಚಿದರು. ಯಾರಿಗೂ ಬಹುಮತ ಬರದಿದ್ದರೆ ಹೆಚ್ಚು ಓಟು ಪಡೆದ ಇಬ್ಬರಲ್ಲಿ ಒಬ್ಬರನ್ನು ಶಾಸಕರು ಆರಿಸಬೇಕು, ಆ ಇಬ್ಬರೂ ಬದುಕಿರಬೇಕು ಎಂದು ಅದರಲ್ಲಿತ್ತು. ಅಭ್ಯರ್ಥಿ ಬದುಕಿರಬೇಕು ಎಂದು ಬರೆದವರು, ಮತದಾರ ಕೂಡ ಬದುಕಿರಬೇಕು ಎಂದು ಬರೆಯುವ ಅಗತ್ಯ ಕಂಡಿರಲಿಲ್ಲ. ಪಾಪ, ಟೆಲ್‌ಫೇರ್ ಕೌಂಟಿಯ ಪರಿಚಯ ಸಾಲದು.

1947ರ ಜನವರಿ 14ರಂದು ಶಾಸಕರು ಎಣಿಕೆಗೆ ಕೂತರು. ಕೈಬರಹದ ಓಟು ಹೀಗಿದ್ದವು: ಜುಲೈನಲ್ಲಿ ಗೆದ್ದು ಸೋತಿದ್ದ ಕಾರ್ಮೈಕಲ್‌ಗೆ 669. ಟಾಲ್ಮಡ್ಜ್ ಬವರ್ಸ್ ಎಂಬ ರಿಪಬ್ಲಿಕನ್‌ಗೆ 637. ಹರ್ಮನ್‌ಗೆ 617. ಮಗರಾಯರು ಮೂರನೆಯವರು, ಪಟ್ಟಿಯಲ್ಲೇ ಇಲ್ಲ. ಅಂದಹಾಗೆ ಈ ಬವರ್ಸ್ ಸಾಹೇಬರ ಕಸುಬು ಗೋರಿಕಲ್ಲು ಮಾರುವುದು. ತಮ್ಮ ಗಿರಾಕಿಗಳೇ ತಮ್ಮ ವಿರುದ್ಧ ಓಟು ಹಾಕಿ ಸೋಲಿಸುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಟೆಲ್‌ಫೇರ್ ಕೌಂಟಿಯ 58 ಓಟು ಪತ್ತೆಯಾದವು. ಟೆಲ್‌ಫೇರ್ ಯಾರ ಊರು? ಟಾಲ್ಮಡ್ಜರದ್ದೇ. 58ಕ್ಕೆ 58 ಯಾರಿಗೆ? ಹರ್ಮನ್‌ಗೇ. 617ಕ್ಕೆ 58 ಸೇರಿಸಿದರೆ 675. ಕಾರ್ಮೈಕಲ್‌ಗಿಂತ ಆರು ಜಾಸ್ತಿ. ಮಧ್ಯರಾತ್ರಿ ದಾಟಿದ ಮೇಲೆ 161 ಶಾಸಕರು ಹರ್ಮನ್ ಪರ ಕೈಯೆತ್ತಿದರು, 87 ಜನ ವಿರೋಧಿಸಿದರು. 33ರ ಹರೆಯದ ಹರ್ಮನ್ ಆ ಅಪರಾತ್ರಿಯಲ್ಲೇ ಪ್ರಮಾಣ ಸ್ವೀಕರಿಸಿ ಗವರ್ನರ್ ಕಚೇರಿಯತ್ತ ಹೊರಟರು.

ಕಚೇರಿಯಲ್ಲಿ ಆಗಲೇ ಒಬ್ಬ ಗವರ್ನರ್ ಇದ್ದರು. ಅವಧಿ ಮುಗಿದಿದ್ದ ಎಲ್ಲಿಸ್ ಆರ್ನಾಲ್, ಸರಿಯಾದ ವಾರಸುದಾರ ಬರುವವರೆಗೆ ನಾನು ಏಳುವುದಿಲ್ಲ ಎಂದರು. ತಳ್ಳಾಟ ನಡೆಯಿತು. ಮಾರನೆ ದಿನ ಹರ್ಮನ್ ಕಡೆಯವರು ಬೀಗಗಳನ್ನೇ ಬದಲಾಯಿಸಿದರು. ಬೆಳಗ್ಗೆ ಆಫೀಸಿಗೆ ಬಂದ ಆರ್ನಾಲ್‌ಗೆ ಬಾಗಿಲು ತೆರೆಯಲಿಲ್ಲ. ಅವರೇನು ಕಡಿಮೆಯೇ? ವಿಧಾನಸೌಧದ ಪಡಸಾಲೆಯಲ್ಲಿ ಬಂದವರಿಗೆ ದಾರಿ ಹೇಳುವ ವಿಚಾರಣೆ ಕೌಂಟರ್ ಇರುತ್ತದಲ್ಲ, ಅಲ್ಲೇ ಕೂತು ರಾಜ್ಯಭಾರ ಶುರು ಮಾಡಿದರು. ಯಾರೋ ಅಲ್ಲಿ ಪಟಾಕಿ ಹೊಡೆದರು. ಆಮೇಲೆ ಆರ್ನಾಲ್ ಪೇಟೆಯ ತಮ್ಮ ವಕೀಲಿಕೆ ಕಚೇರಿಗೆ ಸರ್ಕಾರವನ್ನು ಸಾಗಿಸಿದರು. 18ರಂದು ರಾಜೀನಾಮೆ ಕೊಟ್ಟರು. ಅಂದೇ ಥಾಂಪ್ಸನ್ ತಾವೇ ಗವರ್ನರ್ ಎಂದು ಇನ್ನೊಂದು ಕಡೆ ಆಫೀಸು ತೆರೆದರು. ಅಹವಾಲು ಹೇಳಿಕೊಳ್ಳಲು ಬಂದ ರೈತ ಯಾವ ಬಾಗಿಲು ತಟ್ಟಬೇಕಿತ್ತೋ, ದೇವರಿಗೇ ಗೊತ್ತು. ವಿಚಾರಣೆ ಕೌಂಟರಿನಲ್ಲಿ ಕೇಳೋಣವೆಂದರೆ ಮೊನ್ನೆವರೆಗೆ ಅಲ್ಲೂ ಒಬ್ಬ ಗವರ್ನರ್.

ಸರ್ಕಾರಿ ಕಾಗದಕ್ಕೆ ರಾಜ್ಯದ ಮೊಹರು ಬೀಳಬೇಕು. ಅದು ರಾಜ್ಯ ಕಾರ್ಯದರ್ಶಿ ಬೆನ್ ಫೋರ್ಟ್ಸನ್ ವಶದಲ್ಲಿತ್ತು. ಅವರು ಓಡಾಡುತ್ತಿದ್ದದ್ದು ಗಾಲಿಕುರ್ಚಿಯಲ್ಲಿ. ಕೋರ್ಟು ತೀರ್ಮಾನಿಸುವವರೆಗೆ ಯಾರಿಗೂ ಇಲ್ಲ ಎಂದು ಮೊಹರನ್ನು ಕುರ್ಚಿಯ ಮೆತ್ತೆಯಡಿ ಇಟ್ಟು, ಅದರ ಮೇಲೆ ಕೂತುಬಿಟ್ಟರು. ಇಡೀ ರಾಜ್ಯದಲ್ಲಿ ಯಾರೂ ಕಿತ್ತುಕೊಳ್ಳಲಾಗದ ಕುರ್ಚಿ ಅದೊಂದೇ.

ಅಷ್ಟರಲ್ಲಿ ಅಟ್ಲಾಂಟಾ ಜರ್ನಲ್ ಪತ್ರಿಕೆಯ ಜಾರ್ಜ್ ಗುಡ್ವಿನ್ ಟೆಲ್‌ಫೇರ್‌ಗೆ ಹೋಗಿ ಮತದಾರರ ಪಟ್ಟಿ ಹಿಡಿದು ಮನೆಮನೆ ವಿಚಾರಿಸಿದರು. ಓಟು ಹಾಕಿದವರಲ್ಲಿ ಕೆಲವರು ಸತ್ತಿದ್ದರು. ಕೆಲವರು ಊರು ಬಿಟ್ಟಿದ್ದರು. ನಾವು ಅತ್ತ ಹೋಗಿಯೇ ಇಲ್ಲವಲ್ಲ ಅಂದವರೂ ಇದ್ದರು. ಪಟ್ಟಿಯ ಕೊನೆಯ 34 ಜನ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಮತಗಟ್ಟೆಗೆ ಬಂದಿದ್ದರು. ಬದುಕಿರುವವರನ್ನು ಸಾಲಿನಲ್ಲಿ ನಿಲ್ಲಿಸುವುದೇ ಕಷ್ಟ. ಈ ಪುಣ್ಯಾತ್ಮರು ಒಬ್ಬರ ಮೇಲೊಬ್ಬರು ಬೀಳದೆ, ಹೆಸರಿನ ಮೊದಲಕ್ಷರ ನೋಡಿಕೊಂಡು ಸರದಿಯಲ್ಲಿ ಬಂದರು. ಇವರ ಅರ್ಹತೆಯ ಬಗ್ಗೆ ಮಾತ್ರ ಒಂದೇ ಒಂದು ತಕರಾರು ಅರ್ಜಿ ಹಾಕಬೇಕೆಂದು ಟಾಲ್ಮಡ್ಜ್ ಪಾಳಯದ ಯಾರಿಗೂ ಅನ್ನಿಸಲಿಲ್ಲ. ಗುಡ್ವಿನ್‌ಗೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು.

ತಮಾಷೆ ಅಂದರೆ ಅಷ್ಟು ದೂರದಿಂದ ಬಂದವರ ಶ್ರಮ ನೀರಿನಲ್ಲಿ ಹೋಮ. ಮಾರ್ಚ್ 19ರಂದು ರಾಜ್ಯದ ಸುಪ್ರೀಂ ಕೋರ್ಟ್ 5–2ರ ತೀರ್ಪು ಕೊಟ್ಟಿತು. ಯೂಜೀನ್‌ಗೆ ಬಹುಮತ ಬಂದೇ ಇತ್ತು, ಹಾಗಾಗಿ ಶಾಸಕರು ಆರಿಸುವ ಪ್ರಶ್ನೆಯೇ ಇಲ್ಲ, ಮುಂದಿನ ಚುನಾವಣೆವರೆಗೆ ಥಾಂಪ್ಸನ್ ನೋಡಿಕೊಳ್ಳಲಿ ಎಂದಿತು. 58 ಓಟು ಅಸಲಿಯೋ ನಕಲಿಯೋ ಎಂಬ ಗೋಜೇ ಬೇಕಾಗಲಿಲ್ಲ. ಹರ್ಮನ್ ಎದ್ದು ಹೊರಟರು.

ಹೊರಟವರು 1948ರಲ್ಲಿ ಥಾಂಪ್ಸನ್‌ರನ್ನೇ ಸೋಲಿಸಿ ವಾಪಸ್ ಬಂದರು. ಈ ಸಲ ಬಾಗಿಲಿನ ಬೀಗ ಬದಲಾಯಿಸುವ ಖರ್ಚು ಉಳಿಯಿತು. ಯೂನಿಟ್ ಲೆಕ್ಕವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1963ರಲ್ಲಿ. ಅಷ್ಟರಲ್ಲಿ ಹರ್ಮನ್ ವಾಷಿಂಗ್ಟನ್ ಸೇರಿ ಆರು ವರ್ಷವಾಗಿತ್ತು. 1957ರಿಂದ 1981ರವರೆಗೆ ಅವರು ಸೆನೆಟಿನಲ್ಲಿ ಕೂತಿದ್ದರು.