ನಾಯಕನ ಬಿಲ್ಲು

ಕಳೆದ ವಾರ ಸಿಂಧನೂರಿನ ಚಿತ್ರಮಂದಿರವೊಂದರಲ್ಲಿ ಕುಳಿತು, ಕಾಲುವೆಯ ಕೊನೆ ಭಾಗದ ರೈತರಿಗೆ ನಾಯಕನೊಬ್ಬ ನೀರು ಕೊಡಿಸಿದ್ದನ್ನು ಕಣ್ಣಾರೆ ಕಂಡೆ. ಅರ್ಜಿ ಇಲ್ಲ, ಧರಣಿ ಇಲ್ಲ, ನೀರಾವರಿ ಸಲಹಾ ಸಮಿತಿಯ ಸಭೆಯ ಗೊಡವೆಯೂ ಇಲ್ಲ. ಗೇಟಿಗೆ ಒಂದೇ ಗುದ್ದು. ಅದು ಗಾಳಿಯಲ್ಲಿ ಮೂರು ಸುತ್ತು ತಿರುಗಿ ಖಳನಾಯಕನ ಜೀಪಿನ ಮೇಲೆ ಬಿತ್ತು. ನೀರು ನುಗ್ಗಿತು, ಬಾಲ್ಕನಿಯಿಂದ ಬಣ್ಣದ ಕಾಗದ ಉದುರಿತು, ಸೀಟಿಗೆ ಮಿತಿಯೇ ಇರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಮಾನ್ವಿ ಕಡೆಯ ಹಿರಿಯ ರೈತರು ಮಾತ್ರ ಸೀಟಿ ಹೊಡೆಯಲಿಲ್ಲ. “ತಮ್ಮಾ, ಗೇಟೇ ಹೋದ ಮೇಲೆ ಈ ನೀರನ್ನು ನಿಲ್ಲಿಸುವುದು ಹೇಗೆ?” ಎಂದು ಕೇಳಿದರು.

“ಈಗ ಹಾಡು ಬರುತ್ತದೆ ಕಾಕಾ, ಸುಮ್ಮನಿರಿ” ಎಂದೆ.

ಹಾಡು ಬಂತು, ಆದರೆ ನನಗೆ ರುಚಿಸಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಇದೇ ಪ್ರೇಕ್ಷಕರು, ಅಂದರೆ ನಾವೇ, ನಿದ್ದೆಗೆಟ್ಟು ಕುಳಿತಿದ್ದೆವು. ಎರಡನೇ ಬೆಳೆಯ ನೀರು ಕಣ್ಣೆದುರೇ ಹೊಳೆಗೆ ಹರಿದುಹೋಗುತ್ತಿತ್ತು. ಆ ರಭಸದ ನಡುವೆಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದವರ ಕಟೌಟಿಗೆ ಯಾರಾದರೂ ಹಾಲು ಸುರಿದದ್ದು ನನಗಂತೂ ಗೊತ್ತಿಲ್ಲ. ಗೇಟು ಕೂರಿಸುವುದಕ್ಕೆ ಹಿನ್ನೆಲೆ ಸಂಗೀತ ಇರುವುದಿಲ್ಲ ನೋಡಿ.

ಲೆಕ್ಕ ಹಾಕುವ ಕೆಟ್ಟ ಚಾಳಿ ನನ್ನದು. ಅದೇ ಸಿನಿಮಾದ ಬಳ್ಳಾರಿ ಮಾರುಕಟ್ಟೆಯ ದೃಶ್ಯದಲ್ಲಿ ಸೊಪ್ಪು ಮಾರುವ ಅಜ್ಜಿಯಿಂದ ರೌಡಿಗಳು ಕೇಳಿದ ಮಾಮೂಲು ಇಪ್ಪತ್ತು ರೂಪಾಯಿ. ಅದನ್ನು ಉಳಿಸಲು ನಾಯಕ ಪುಡಿಮಾಡಿದ್ದು ಹನ್ನೊಂದು ತಳ್ಳುಗಾಡಿ, ಎರಡು ರಾಶಿ ಟೊಮೆಟೊ, ಕುದಿಯುವ ಎಣ್ಣೆಯ ಸಮೇತ ಒಂದು ಮಿರ್ಚಿ ಬಜ್ಜಿಯ ಬಾಣಲೆ. ಕೊನೆಗೆ ಅಜ್ಜಿ ಅವನ ತಲೆ ಸವರಿ ಹರಸಿದಳು. ಬಜ್ಜಿಯವನು ಎಲ್ಲಿ ಹೋದನೋ, ಕ್ಯಾಮೆರಾ ಅತ್ತ ತಿರುಗಲೇ ಇಲ್ಲ. ಹಿಂದಿನ ವೀರರ ಬಿಲ್ಲು ಅವರ ಹೆಗಲ ಮೇಲೆಯೇ ಇರುತ್ತಿತ್ತು. ಈಗಿನವರ ಬಿಲ್ಲು ತಳ್ಳುಗಾಡಿಯವನ ಹೆಗಲಿಗೆ.

ಈ ರೋಗ ನಮ್ಮದಷ್ಟೇ ಅಲ್ಲ. ನಾಲ್ಕು ನೂರು ವರ್ಷಗಳ ಹಿಂದೆಯೇ ಸ್ಪೇನಿನ ಕಲ್ಪಿತ ವೀರ ಡಾನ್ ಕ್ವಿಕ್ಸೋಟ್, ಮರಕ್ಕೆ ಕಟ್ಟಿಸಿಕೊಂಡು ಏಟು ತಿನ್ನುತ್ತಿದ್ದ ಕುರಿ ಕಾಯುವ ಹುಡುಗನೊಬ್ಬನನ್ನು ಬಿಡಿಸಿದ್ದ. ಬಾಕಿ ಸಂಬಳ ಕೊಡುವುದಾಗಿ ಯಜಮಾನನಿಂದ ಮಾತು ತೆಗೆದುಕೊಂಡು, ಬೀಗುತ್ತಾ ಕುದುರೆ ಏರಿ ಹೊರಟ. ಕುದುರೆ ಮರೆಯಾದದ್ದೇ ತಡ, ಯಜಮಾನ ಹುಡುಗನನ್ನು ಮತ್ತೆ ಅದೇ ಮರಕ್ಕೆ ಕಟ್ಟಿ ಮೊದಲಿಗಿಂತ ಜೋರಾಗಿ ಬಾರಿಸಿದ. ಮುಂದೊಮ್ಮೆ ವೀರ ಎದುರಾದಾಗ ಹುಡುಗ ಬೇಡಿಕೊಂಡದ್ದು ಇಷ್ಟೇ: ನನ್ನನ್ನು ಕಡಿದು ತುಂಡು ಮಾಡುತ್ತಿದ್ದರೂ ಬಿಡಿಸಲು ಬರಬೇಡಿ.

ಆ ಹುಡುಗ ನಮ್ಮ ಕಾಲುವೆಯ ಕೊನೆ ಭಾಗದವನೇ ಇರಬೇಕು. ಇಲ್ಲಿ ಕುದುರೆಯ ಬದಲು ಬಿಳಿ ಕಾರುಗಳ ಸಾಲು ಬರುತ್ತದೆ. ಸಾಹೇಬರು ಕಾಲುವೆಯ ಏರಿ ಮೇಲೆ ನಿಂತು ಎಂಜಿನಿಯರನ್ನು ಗದರುತ್ತಾರೆ, ವಿಡಿಯೊ ಊರೆಲ್ಲ ಸುತ್ತುತ್ತದೆ, ಎರಡು ದಿನ ಗೇಜು, ಅಂದರೆ ಕಾಲುವೆಯ ನೀರಿನ ಮಟ್ಟ, ಏರುತ್ತದೆ. ಕಾರಿನ ಧೂಳು ಅಡಗುವ ಮುನ್ನವೇ ಮೇಲ್ಭಾಗದ ಪಂಪ್‌ಸೆಟ್ಟುಗಳು ಗುರುಗುಡತೊಡಗುತ್ತವೆ. ಸರದಿ ತಪ್ಪಿಸಿ ಬಿಟ್ಟ ಆ ಎರಡು ದಿನಗಳ ನೀರು ನಮ್ಮದೇ ಮುಂದಿನ ಸರದಿಯಲ್ಲಿ ಕಡಿತವಾಗುತ್ತದೆ. ಇಷ್ಟಾದರೂ ವೃತ್ತದಲ್ಲಿ ಅಭಿನಂದನೆಯ ಫ್ಲೆಕ್ಸ್ ಕಟ್ಟುವವರು ನಾವೇ.

ಸಿನಿಮಾ ಮುಗಿದು ಹೊರಗೆ ಬಂದೆವು. ಕಾಕಾ ಚಪ್ಪಲಿಯಲ್ಲಿ ಸಿಕ್ಕಿದ್ದ ಬಣ್ಣದ ಕಾಗದ ಕೊಡವುತ್ತಾ, “ಮುರಿದ ಗೇಟಿಗೆ ಟೆಂಡರ್ ಕರೆಯುವ ದೃಶ್ಯ ಬರಲೇ ಇಲ್ಲವಲ್ಲ?” ಎಂದರು.

“ಎರಡನೇ ಭಾಗದಲ್ಲಿ ಇರಬಹುದು. ‘ಶೀಘ್ರದಲ್ಲೇ’ ಎಂದು ತೋರಿಸಿದರಲ್ಲ.”

ಕಾಕಾ ಆ ಸಂಜೆ ಮೊದಲ ಬಾರಿ ನಕ್ಕರು. “ಹಾಗಾದರೆ ತೆಗೆದವನಿಗೆ ನಮ್ಮ ಕಾಲುವೆ ಚೆನ್ನಾಗಿ ಗೊತ್ತಿದೆ ಬಿಡು.”