ಆಪ್ಷನ್ ಡಿ: ನೋ ಎರರ್

ತಪ್ಪು ಹಿಡಿಯುವುದರಲ್ಲಿ ನಮ್ಮ ಹುಡುಗರನ್ನು ಮೀರಿಸುವವರಿಲ್ಲ. ಧಾರವಾಡದ ಸಪ್ತಾಪುರದ್ದೋ ಬೆಂಗಳೂರಿನ ವಿಜಯನಗರದ್ದೋ ಕೋಚಿಂಗ್ ಸೆಂಟರಿಗೆ ಹೋಗಿ ನೋಡಿ. ಜೆರಾಕ್ಸ್ ಹಾಳೆ ಮುಂದಿಟ್ಟುಕೊಂಡು, ಪೆನ್ಸಿಲ್ ಕಚ್ಚಿಕೊಂಡು, ಇಂಗ್ಲಿಷ್ ವಾಕ್ಯದ ತಪ್ಪು ಹುಡುಕುತ್ತಾ ಕೂತಿರುತ್ತಾರೆ. ವಾಕ್ಯವನ್ನು ಮೂರು ತುಂಡು ಮಾಡಿ ಎ, ಬಿ, ಸಿ ಅಂತ ಹೆಸರಿಟ್ಟಿರುತ್ತಾರೆ. ಯಾವ ತುಂಡಲ್ಲಿ ತಪ್ಪಿದೆ ಹೇಳಬೇಕು. ಎಲ್ಲೂ ಇಲ್ಲ ಅನ್ನಿಸಿದರೆ ಡಿ, ‘ನೋ ಎರರ್’. ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆಂದೇ 25 ಪ್ರಶ್ನೆ. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ನಾಳೆ ಆದಾಯ ತೆರಿಗೆ ಇನ್‌ಸ್ಪೆಕ್ಟರ್ ಆಗಿ ಕಳ್ಳಲೆಕ್ಕ ಹಿಡಿಯುವವನು ಇವತ್ತು ತಪ್ಪಿಸಿಕೊಂಡ ‘ದಿ’ಯನ್ನು ಹಿಡಿದು ತೋರಿಸಬೇಕು.

ಈ ವಾಕ್ಯಗಳ ಲೋಕವೇ ಬೇರೆ. ಅಲ್ಲಿ ಎಲ್ಲರೂ ಲೇಟು. ‘ದಿ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.’ ನಮ್ಮಪ್ಪನ ಕಾಲದಲ್ಲೂ ಆ ರೋಗಿ ಸತ್ತಿದ್ದ, ನಮ್ಮ ಕಾಲದಲ್ಲೂ ಸತ್ತ, ಈಗ ನಮ್ಮ ಮಕ್ಕಳ ಗೈಡಿನಲ್ಲೂ ಸಾಯುತ್ತಿದ್ದಾನೆ. ಡಾಕ್ಟರು ಯಾಕೆ ಲೇಟಾಗಿ ಬಂದರು, ಆಂಬುಲೆನ್ಸ್ ಇರಲಿಲ್ಲವಾ, ಅದು ಯಾವ ತಾಲ್ಲೂಕು ಆಸ್ಪತ್ರೆ ಅಂತ ಒಬ್ಬರೂ ಕೇಳಿಲ್ಲ. ‘ಹ್ಯಾಡ್’ ಇದೆಯಾ, ಇದೆ. ಮುಂದಿನ ಪ್ರಶ್ನೆ. ಮುಂದಿನ ಪ್ರಶ್ನೆಯಲ್ಲಿ ಪೊಲೀಸರು ಬರುವಷ್ಟರಲ್ಲಿ ಕಳ್ಳರು ಪರಾರಿ. ಅಲ್ಲೂ ಆತಂಕ ಕಳ್ಳರದ್ದಲ್ಲ, ‘ನೋ ಸೂನರ್’ ಬಂದ ಮೇಲೆ ‘ದ್ಯಾನ್’ ಬರಲಿಲ್ಲವಲ್ಲ ಅನ್ನೋದು. ಅದಾದ ಮೇಲೆ ರೈಲು. ಅದು ನಾವು ಸ್ಟೇಷನ್ ಮುಟ್ಟುವ ಮೊದಲೇ ಹೊರಟಿರುತ್ತದೆ. ಇಡೀ ದೇಶದಲ್ಲಿ ಟೈಮಿಗೆ ಸರಿಯಾಗಿ ಹೊರಡುವುದು ಆ ಒಂದೇ ರೈಲು ಅಂತ ಕಾಣುತ್ತೆ.

‘ಲೆಸ್ಟ್’ ಬಂದರೆ ‘ಶುಡ್’ ಬರಬೇಕು ಅನ್ನೋದು ಇನ್ನೊಂದು ನಿಯಮ. ಇದನ್ನು ಬಾಯಿಪಾಠ ಮಾಡದ ಅಭ್ಯರ್ಥಿ ಇಲ್ಲ. ಪರೀಕ್ಷಾ ಹಾಲಿನ ಹೊರಗೆ ಯಾರಾದರೂ ‘ಲೆಸ್ಟ್’ ಅಂದಿದ್ದನ್ನು ನೀವು ಕೇಳಿದ್ದೀರಾ? ಇಷ್ಟೆಲ್ಲ ಸೋಸಿ, ಜಾಲಿಸಿ, ಗೆದ್ದು ಬಂದವನು ಕುರ್ಚಿಯಲ್ಲಿ ಕೂತ ಮೊದಲ ದಿನವೇ ಬರೆಯುತ್ತಾನೆ: ‘ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್ ಬ್ಯಾಕ್.’ ಮುಂದೆ 30 ವರ್ಷ ಅದೇ. ಫೈಲು ಓಡುವುದೂ ಅದರಿಂದಲೇ. ಅಲ್ಲಿ ಅರ್ಧ ಅಂಕ ಕಟ್ ಮಾಡುವವರು ಯಾರೂ ಇಲ್ಲ.

ಇರಲಿ, ಇಂಗ್ಲಿಷ್ ಪರರ ಸೊತ್ತು. ನಮ್ಮ ಕರ್ನಾಟಕ ಲೋಕಸೇವಾ ಆಯೋಗಕ್ಕೆ, ಅಂದರೆ ಕೆಪಿಎಸ್‌ಸಿಗೆ ಬನ್ನಿ. 384 ಗೆಜೆಟೆಡ್ ಹುದ್ದೆ, 2024ರ ಆಗಸ್ಟ್ 27ಕ್ಕೆ ಪೂರ್ವಭಾವಿ ಪರೀಕ್ಷೆ, ಕನ್ನಡದ ಪ್ರಶ್ನೆಗಳು ಕನ್ನಡಿಗರಿಗೇ ಅರ್ಥವಾಗಲಿಲ್ಲ. ಕಥೆ ನಿಮಗೆ ಗೊತ್ತೇ ಇದೆ. ಗಲಾಟೆಯಾಯಿತು, ಮುಖ್ಯಮಂತ್ರಿಗಳು ಮರುಪರೀಕ್ಷೆ ಮಾಡಿ ಅಂದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆಯೂ ಆಯಿತು. ಆಯೋಗದ ಸ್ಥಿರತೆಯನ್ನು ಮೆಚ್ಚಲೇಬೇಕು: ತಪ್ಪುಗಳೂ ತಪ್ಪದೆ ಹಾಜರಾದವು. ಒಮ್ಮೆ ತಪ್ಪು ಮಾಡಿದರೆ ಕೈತಪ್ಪು. ಇಡೀ ರಾಜ್ಯ ಬೈದ ಮೇಲೂ, ನಾಲ್ಕು ತಿಂಗಳು ಟೈಮ್ ಇಟ್ಟುಕೊಂಡೂ ಮತ್ತೆ ಮಾಡಬೇಕೆಂದರೆ ಅದಕ್ಕೊಂದು ಶ್ರದ್ಧೆ ಬೇಕು.

ಈ ಪ್ರಶ್ನೆಪತ್ರಿಕೆಗಳ ಮೇಲೆ ಒಂದು ಸೂಚನೆ ಇರುತ್ತೆ, ನೋಡಿರಬಹುದು. ಕನ್ನಡದಲ್ಲಿ ಗೊಂದಲವಾದರೆ ಇಂಗ್ಲಿಷ್ ಆವೃತ್ತಿ ನೋಡಿಕೊಳ್ಳಿ, ಅದೇ ಅಂತಿಮ ಅಂತ. ಎಂಥ ಮುಂದಾಲೋಚನೆ! ತಪ್ಪು ಆಗುವ ಮೊದಲೇ ಕ್ಷಮಾಪಣೆ ಅಚ್ಚಾಗಿದೆ. ಕ್ಷಮಾಪಣೆಯೂ ಅಲ್ಲ, ಜಾಮೀನು. ಒಂದರಿಂದ ಡಿಗ್ರಿವರೆಗೆ ಕನ್ನಡದಲ್ಲೇ ಓದಿದ ಹುಡುಗಿ, ಕನ್ನಡದ ಪ್ರಶ್ನೆ ಅರ್ಥ ಮಾಡಿಕೊಳ್ಳಲು, ಗಡಿಯಾರ ಓಡುತ್ತಿರುವಾಗ, ಇಂಗ್ಲಿಷ್ ಓದಬೇಕು. ಆಯೋಗದವರು ಕೇಳಿದ್ದು ಏನೆಂದು ಊಹಿಸಿ ಉತ್ತರಿಸಬೇಕು. ಊಹೆ ತಪ್ಪಿದರೆ ಕಾಲು ಭಾಗ ಅಂಕ ಅವಳದ್ದೇ ಹೋಗುತ್ತೆ.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಕರ್ನಾಟಕದ ಆಯೋಗ, ಕರ್ನಾಟಕದ ಹುದ್ದೆ, ಕನ್ನಡದಲ್ಲೇ ಆಡಳಿತ ನಡೆಸಬೇಕಾದವರ ಆಯ್ಕೆ. ಇವರಿಗೆ ಕನ್ನಡ ಬಲ್ಲ ಒಬ್ಬರನ್ನು ಕೂರಿಸಿ ಅಚ್ಚಿಗೆ ಹೋಗುವ ಮುಂಚೆ ಒಂದು ಸಲ ಓದಿಸಲು ಆಗಲಿಲ್ಲ. ಅದಕ್ಕೆ ದುಡ್ಡು ಬೇಡ, ಕಾನೂನು ತಿದ್ದುಪಡಿ ಬೇಡ. ಓದಬೇಕು, ಅಷ್ಟೇ. ಗೌಪ್ಯತೆ ಅಂತಾರೆ. ಯಾರಿಂದ ಮುಚ್ಚಿಡುತ್ತಿದ್ದೀರಿ ಸ್ವಾಮಿ, ಕನ್ನಡ ಬಲ್ಲವರಿಂದಲಾ?

ಫ್ರೀಡಂ ಪಾರ್ಕಿನಲ್ಲಿ ಅಭ್ಯರ್ಥಿಗಳು ಕೂತರು, ಘೋಷಣೆ ಕೂಗಿದರು. ಬೀದರಿನಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸು ಹತ್ತಿ ಬಂದವನಿಗೆ ಬಸ್ ಚಾರ್ಜನ್ನು ಆಯೋಗ ಕೊಡಲಿಲ್ಲ. ಮನೆಯಲ್ಲಿ ‘ಇನ್ನೂ ಎಷ್ಟು ವರ್ಷ ಓದ್ತೀಯಪ್ಪಾ’ ಅನ್ನುವವರಿಗೆ ಉತ್ತರವನ್ನೂ ಅವನೇ ಹೇಳಿಕೊಂಡ. ಮತ್ತೊಂದು ಮರುಪರೀಕ್ಷೆ ಬೇಕೆಂದಾಗ ಬಂದ ಉತ್ತರವನ್ನೆಲ್ಲ ಸೋಸಿದರೆ ಉಳಿಯುವುದು ಆಪ್ಷನ್ ಡಿ. 2025ರ ಮೇ ತಿಂಗಳಲ್ಲಿ ಮುಂದಿನ ಹಂತದ ಮೇನ್ಸ್ ಪರೀಕ್ಷೆಯೂ ಮುಗಿದುಹೋಯಿತು.